ಕೈಗುಣ ಅಲ್ಲ ಕಣ್ರೇ, ಬಿಲ್ಲೆ ಗುಣ

ಶಾವಿಗೆ ತುಂಡು ತುಂಡಾದ್ರೆ ಒತ್ತಿದೋಳ ಕೈ ಸರಿ ಇಲ್ಲ ಅಂತಾರೆ. ಚಕ್ಕುಲಿಗೆ ಮುಳ್ಳು ಏಳದಿದ್ರೆ ಅವಳಿಗೆ ಹಿಟ್ಟಿನ ಹದ ಗೊತ್ತಿಲ್ಲ ಅಂತಾರೆ. ಹೊಸ ಸೊಸೆ ಒತ್ತಿದ್ದು ಅಂದ್ರೆ ಮುಗೀತು, ಅವಳ ತಾಯಿ ಏನೂ ಕಲಿಸಿಲ್ಲ ಅನ್ನೋವರೆಗೂ ಹೋಗ್ತೈತೆ ಮಾತು. ಇಷ್ಟು ಮಾತಾಡೋ ಜನದಲ್ಲಿ ಒಬ್ಬರಾದ್ರೂ ಒರಳಿನ ತಳದಲ್ಲಿರೋ ಬಿಲ್ಲೇನ ಬಿಚ್ಚಿ, ಬೆಳಕಿಗೆ ಹಿಡಿದು, ತೂತು ಹೆಂಗಿದಾವೆ ಅಂತ ನೋಡಿದ್ದುಂಟಾ? ನಮ್ಮ ಅತ್ತೆ ನೋಡಿರಲಿಲ್ಲ, ನಿಮ್ಮ ಅತ್ತೇನೂ ನೋಡಿರಲ್ಲ. ದೊಡ್ಡವರ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ, ಈ ‘ಕೈಗುಣ’ ಅನ್ನೋ ಮಾತಿನಲ್ಲಿ ಅರ್ಧ ಸುಳ್ಳು ಐತೆ. ಆ ಸುಳ್ಳಿನಿಂದ ನಮ್ಮ ಹೆಣ್ಣುಮಕ್ಕಳು ಮನೇಲಿ ಮಾತೂ ಕೇಳ್ತಾವ್ರೆ, ಸಂಘದಲ್ಲಿ ದುಡ್ಡೂ ಕಳ್ಕೊಳ್ತಾವ್ರೆ.

ನಮ್ಮ ಮಧುಗಿರಿ ಕಡೆ ಒತ್ತು ಶಾವಿಗೆ ಅಂದ್ರೆ ನೆಂಟರ ಊಟ. ಅಕ್ಕಿದೋ ರಾಗಿದೋ ಹಿಟ್ಟು ಬೇಯಿಸಿ ಮುದ್ದೆ ಮಾಡಿ, ಉಂಡೆ ಕಟ್ಟಿ, ಆ ಉಂಡೇನ ಮತ್ತೆ ನೀರಲ್ಲೋ ಹಬೇಲೋ ಬೇಯಿಸಿ, ಬಿಸಿ ಆರೋದ್ರೊಳಗೆ ಒರಳಿಗೆ ಹಾಕಿ ಒತ್ತಬೇಕು. ಕಾಯಿಹಾಲು ಬೆಲ್ಲ ಹಾಕ್ಕೊಂಡು ಉಣ್ಣೋರು ಉಣ್ತಾರೆ, ಕೋಳಿಸಾರು ಹಾಕ್ಕೊಳ್ಳೋರು ಹಾಕ್ಕೊಳ್ತಾರೆ. ಪಾವಗಡದಲ್ಲಿರೋ ನಮ್ಮ ಚಿಕ್ಕಮ್ಮನ ಮನೆಯವರು ಅರ್ಧ ತೆಲುಗು ಮಾತಾಡೋ ಜನ, ಅವರು ಅಂಗಡಿದಕ್ಕೆ ಸೇಮ್ಯಾ ಅಂತಾರೆ, ಮನೇಲಿ ಒತ್ತಿದ್ದಕ್ಕೆ ಮಾತ್ರ ಶಾವಿಗೆ ಅಂತಾರೆ. ಅವರ ಲೆಕ್ಕದಲ್ಲಿ ಎರಡೂ ಒಂದೇ ಪದಾರ್ಥ ಅಲ್ಲ. ಅದು ಸರಿ ಅನ್ನೋದು ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ತೂತಿನ ವಿಚಾರ. ಒಂದು ಬಿಲ್ಲೇಲಿ ಒಂದು ಮಿಲಿಮೀಟರಿನ ತೂತು ಇರಬೇಕಾದ ಕಡೆ ಒಂದೆರಡು ತೂತು ಸವೆದು 1.1 ಮಿಲಿಮೀಟರ್ ಆಗಿದಾವೆ ಅಂದ್ಕೊಳ್ಳಿ. ಕೂದಲೆಳೆ ವ್ಯತ್ಯಾಸ. ಆದರೆ ತೂತಿನ ಬಾಯಿ ಅಗಲ ಲೆಕ್ಕ ಹಾಕಿದ್ರೆ ನೂರಕ್ಕೆ ಇಪ್ಪತ್ತೊಂದು ಪಾಲು ಜಾಸ್ತಿ ಆಯ್ತು. ಹಿಟ್ಟಿಗೆ ಬುದ್ಧಿ ಇಲ್ಲ ನೋಡಿ, ಎಲ್ಲಿ ದಾರಿ ಸಲೀಸೋ ಅಲ್ಲಿಗೆ ನುಗ್ತೈತೆ. ಆ ತೂತಲ್ಲಿ ದಪ್ಪ ಎಳೆ ಬಿರುಸಾಗಿ ಬರ್ತೈತೆ, ಪಕ್ಕದ ತೂತಲ್ಲಿ ಸಣ್ಣ ಎಳೆ ನಿಧಾನಕ್ಕೆ ತೆವಳ್ತೈತೆ. ಒಣಗಿಸಿ ಇಟ್ಟು ಪಾಯಸಕ್ಕೆ ಹಾಕಿದಾಗ ಸಣ್ಣದು ಕರಗಿ ಅಂಬಲಿ ಆಗಿರ್ತೈತೆ, ದಪ್ಪದ್ದು ಒಳಗೆ ಹಸಿ ಹಿಟ್ಟು. ಆಗ ಬೈಸ್ಕೊಳ್ಳೋದು ಯಾರು? ಒಲೆ ಮುಂದೆ ನಿಂತಿರೋಳು!

ಎರಡನೇದು, ತೂತಿನ ಉದ್ದ. ಇದನ್ನ ಯಾರೂ ಯೋಚನೆ ಮಾಡಲ್ಲ. ಈಗ ಅಂಗಡೀಲಿ ಬರೋ ಸ್ಟೀಲ್ ಒರಳಿನ ಬಿಲ್ಲೆಗಳನ್ನ ತೆಳು ತಗಡಿಗೆ ಅಚ್ಚು ಹೊಡೆದು ತೂತು ಮಾಡಿರ್ತಾರೆ. ತಗಡು ತೆಳ್ಳಗಿದ್ರೆ ಹಿಟ್ಟು ಆ ತೂತಿನಲ್ಲಿ ಒಂದು ಗಳಿಗೇನೂ ನಿಲ್ಲಲ್ಲ. ಒಳಗೆ ಬಂತು, ಹೊರಗೆ ಬಿತ್ತು ಅಷ್ಟೆ. ಎಳೆ ಒತ್ತಿ ಗಟ್ಟಿಯಾಗೋದಕ್ಕೆ, ನೇರ ಆಗೋದಕ್ಕೆ ಅದು ಸ್ವಲ್ಪ ದೂರ ಆ ಕಿರಿದಾರಿಯಲ್ಲಿ ನಡೀಬೇಕು. ಹಳೇ ಹಿತ್ತಾಳೆ ಬಿಲ್ಲೆ ನೋಡಿ, ಕಡ್ಲೆಕಾಳಿನಷ್ಟು ದಪ್ಪ ಇರ್ತಿತ್ತು. ಅದು ಲೋಹ ಸೋವಿ ಇತ್ತು ಅಂತ ಮಾಡಿದ್ದಲ್ಲ. ಇನ್ನೊಂದು, ತೆಳು ತಗಡು ಒತ್ತಡಕ್ಕೆ ನಡುವೆ ಉಬ್ಬುತ್ತೆ. ನಿಮ್ಮ ಮನೆ ಬಿಲ್ಲೇನ ಕಲ್ಲಿನ ಕಟ್ಟೆ ಮೇಲೆ ಬೋರಲು ಹಾಕಿ ಒಂದು ಬೆರಳಲ್ಲಿ ಅದುಮಿ ನೋಡಿ. ಅಲ್ಲಾಡಿದ್ರೆ ಅದು ಉಬ್ಬಿದೆ ಅಂತಲೇ. ಮೂರನೇದು ತೂತಿನ ಅಂಚಲ್ಲಿ ಉಳಿಯೋ ಸಣ್ಣ ಮುಳ್ಳು, ಅಚ್ಚು ಹೊಡೆದಾಗ ಏಳೋದು. ಕಣ್ಣಿಗೆ ಕಾಣಲ್ಲ, ಬೆರಳಾಡಿಸಿದ್ರೆ ಕುಯ್ದ ಹಂಗಾಗ್ತೈತೆ. ಅದು ಎಳೇನ ಒಂದು ಪಕ್ಕದಿಂದ ಗೀರ್ತಾನೇ ಇರ್ತೈತೆ. ಗೋಧಿ ಆದ್ರೆ ಅಂಟಿರೋದ್ರಿಂದ ಹೆಂಗೋ ತಡ್ಕೊಳ್ತೈತೆ. ರಾಗಿಗೆ ಆ ಅಂಟು ಇಲ್ಲ, ಗೀರಿದ ಜಾಗಕ್ಕೆ ಪಟ್ ಅಂತ ಮುರೀತೈತೆ.

ಇದೆಲ್ಲ ನನ್ನ ತಲೆಯಿಂದ ಹುಟ್ಟಿದ್ದಲ್ಲ. ಮಕ್ಕಳು ತಿನ್ನೋ ಮ್ಯಾಕರೋನಿ, ಪಾಸ್ತಾ ಅಂತೀವಲ್ಲ, ಅದೂ ನಮ್ಮ ಒತ್ತು ಶಾವಿಗೆಯ ಅಣ್ಣತಮ್ಮನೇ. ಹಿಟ್ಟು ಕಲಸಿ ಬಿಲ್ಲೆ ಮೂಲಕ ಒತ್ತೋದೇ. ಕಾರ್ಖಾನೇಲಿ ಆ ಬಿಲ್ಲೆಗೆ ಡೈ ಅಂತಾರೆ. ಅಲ್ಲಿ ಹಿಟ್ಟಿನ ಮೇಲೆ ಬೀಳೋ ಒತ್ತಡ ಸುಮಾರು ನೂರು ಬಾರ್, ಅಂದ್ರೆ ಕಾರಿನ ಟೈರಿನಲ್ಲಿರೋ ಗಾಳಿಗಿಂತ ನಲವತ್ತು ಐವತ್ತು ಪಟ್ಟು. ಅದಕ್ಕೆ ಡೈ ಅಂದ್ರೆ ದಪ್ಪ ಕಂಚಿನ ಗುಂಡು ಹಲಗೆ, ಉದ್ದ ಶಾವಿಗೆಗೆ ಬೇರೆ ಉದ್ದ ಹಲಗೆ. ಆ ಹಲಗೇಲಿ ಗುಳಿ ಕೊರೆದು, ಪ್ರತಿ ಗುಳಿಗೂ ಒಂದೊಂದು ಚಿಕ್ಕ ಗುಂಡಿಯಂಥ ತುಂಡು ಕೂರಿಸ್ತಾರೆ. ಅದಕ್ಕೆ ಇನ್ಸರ್ಟ್ ಅಂತ ಹೆಸರು. ನಿಜವಾದ ತೂತು ಇರೋದು ಅದರಲ್ಲಿ. ಸವೆದ್ರೆ ಆ ತುಂಡು ಮಾತ್ರ ತೆಗೆದು ಹೊಸದು ಹಾಕ್ತಾರೆ, ಇಡೀ ಹಲಗೆ ಎಸೆಯಲ್ಲ. ಎಷ್ಟು ಸಂಸಾರಸ್ಥರ ಬುದ್ಧಿ ನೋಡಿ.

ಮ್ಯಾಕರೋನಿ ಟೊಳ್ಳು ಹೆಂಗಾಗ್ತೈತೆ ಅಂತ ನಮ್ಮ ಮೊಮ್ಮಗ ಕೇಳಿದ್ದ. ತೂತಿನ ನಡುವೆ ಒಂದು ಕಡ್ಡಿ ನಿಲ್ಲಿಸಿರ್ತಾರೆ, ಅದನ್ನ ಹಿಡಿದಿರೋದಕ್ಕೆ ಮೇಲೆ ಮೂರು ಕಾಲು. ಹಿಟ್ಟು ಆ ಕಾಲುಗಳ ಹತ್ರ ಮೂರು ಸೀಳಾಗಿ ಇಳಿದು, ಕೆಳಗೆ ಬಂದಾಗ ಒತ್ತಡಕ್ಕೆ ಮತ್ತೆ ಒಂದಾಗಿ ಕೊಳವೆ ಆಗ್ತೈತೆ. ಬಾಗಿದ ಮ್ಯಾಕರೋನಿ ಬೇಕಂದ್ರೆ ಆ ಕಡ್ಡಿಯ ಒಂದು ಪಕ್ಕದ ದಾರಿ ಒಂಚೂರು ಸಲೀಸು ಮಾಡ್ತಾರೆ. ಆ ಪಕ್ಕ ಬೇಗ ಇಳೀತೈತೆ, ಈ ಪಕ್ಕ ತಡ, ತಾನೇ ಬಾಗ್ತೈತೆ, ಕೆಳಗೆ ಚಾಕು ಕತ್ತರಿಸ್ತೈತೆ. ಅಂದ್ರೆ ಎಳೆ ಸೊಟ್ಟ ಬರೋದಕ್ಕೆ ಕಾರಣ ತೂತು. ಅವರು ಬೇಕಂತ ಸೊಟ್ಟ ಮಾಡಿ ಕಾಸು ಮಾಡ್ಕೊಳ್ತಾರೆ. ನಮ್ಮ ಮನೇಲಿ ಸೊಟ್ಟ ಬಂದ್ರೆ ಮಾತ್ರ ಕೈಗುಣ. ಹೆಂಗೈತೆ ನ್ಯಾಯ?

ಈಗ ಅಂಗಡಿ ಶಾವಿಗೆಗೂ ಮನೆ ಶಾವಿಗೆಗೂ ಇರೋ ವ್ಯತ್ಯಾಸಕ್ಕೆ ಬರ್ತೀನಿ. ಕಂಚಿನ ತೂತಿನಿಂದ ಬಂದ ಎಳೆ ಮೈ ಒರಟು, ಬಣ್ಣ ಮಂಕು, ಮೇಲೆ ಹಿಟ್ಟು ಸವರಿದ ಹಂಗೆ ಕಾಣ್ತೈತೆ. ನಾನ್‌ಸ್ಟಿಕ್ ಬಾಣಲೆಗೆ ಹಾಕ್ತಾರಲ್ಲ ಟೆಫ್ಲಾನ್, ಅದು 1938ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದಿದ್ದು. ಆಮೇಲೆ ಪಾಸ್ತಾ ಡೈಗೂ ಅದರ ಇನ್ಸರ್ಟ್ ಬಂದವು. ಟೆಫ್ಲಾನಲ್ಲಿ ಹಿಟ್ಟು ಜಾರಿ ಬರ್ತೈತೆ. ಕೆಲಸ ಬಿರುಸು, ಎಳೆ ನುಣುಪು, ಹಳದಿ ಹೊಳಪು, ಪ್ಯಾಕೆಟ್ಟಲ್ಲಿ ನೋಡೋದಕ್ಕೆ ಚಂದ. ಆದ್ರೆ ನುಣುಪು ಮೈಗೆ ಸಾರೂ ನಿಲ್ಲಲ್ಲ, ಕಾಯಿಹಾಲೂ ನಿಲ್ಲಲ್ಲ. ಪಾಯಸದಲ್ಲಿ ಹಾಲು ಬೇರೆ ಶಾವಿಗೆ ಬೇರೆ. ಒರಟು ಮೈ ಆದ್ರೆ ಹೀರ್ಕೊಳ್ತೈತೆ, ಹಿಡ್ಕೊಳ್ತೈತೆ. ಪಾವಗಡದ ಚಿಕ್ಕಮ್ಮ ಎರಡಕ್ಕೂ ಎರಡು ಹೆಸರು ಇಟ್ಟಿದ್ದು ಸುಮ್ಮನೆ ಅಲ್ಲ.

ಇಟಲಿಯವರು ಇದನ್ನ ಬಲು ಗಂಭೀರವಾಗಿ ತಗೊಂಡಿದಾರೆ. ನೇಪಲ್ಸ್ ಹತ್ರ ಗ್ರಾನ್ಯಾನೊ ಅಂತ ಒಂದು ಊರೈತೆ, ಪಾಸ್ತಾಗೆ ಹೆಸರುವಾಸಿ. 2013ರಲ್ಲಿ ಆ ಊರಿನ ಪಾಸ್ತಾಗೆ ಯುರೋಪಿನ ಒಕ್ಕೂಟ ಊರ ಗುರುತಿನ ಮಾನ್ಯತೆ ಕೊಡ್ತು, ನಮ್ಮ ಮೈಸೂರು ಮಲ್ಲಿಗೆಗೆ, ನಂಜನಗೂಡು ರಸಬಾಳೆಗೆ ಕೊಟ್ಟಿದಾರಲ್ಲ ಹಂಗೆ. ಅದರ ನಿಯಮದಲ್ಲೇ ಬರೆದವ್ರೆ, ಕಂಚಿನ ಡೈಯಲ್ಲೇ ಒತ್ತಬೇಕು ಅಂತ. ಅವರ ಪೊಟ್ಟಣದ ಮೇಲೆ ಕಂಚಿನಲ್ಲಿ ಒತ್ತಿದ್ದು ಅಂತ ದೊಡ್ಡದಾಗಿ ಹಾಕ್ಕೊಂಡು ಜಾಸ್ತಿ ದುಡ್ಡು ಕೇಳ್ತಾರೆ. ನಾವೋ, ಅಜ್ಜಿ ಕಾಲದ ಬಿಲ್ಲೇನ ಹಳೇ ಸಾಮಾನಿನೋನಿಗೆ ತೂಕಕ್ಕೆ ಹಾಕಿ ಪ್ಲಾಸ್ಟಿಕ್ ಬಕೆಟ್ ತಗೊಂಡಿದೀವಿ! ಶಿರಾದಲ್ಲಿ ನಮ್ಮ ದೊಡ್ಡಮ್ಮನ ಮನೇಲಿ ಮರದ ಒರಳಿತ್ತು, ಮೇಲಿನ ಹಿಡಿಗೆ ಇಬ್ಬರು ಹುಡುಗರು ಜೋತು ಬೀಳಬೇಕಿತ್ತು. ಮರ ಒಲೆಗೆ ಹೋಯ್ತು, ಬಿಲ್ಲೆ ತೂಕಕ್ಕೆ ಹೋಯ್ತು. ಈಗ ಆ ಮನೇಲಿ ರಾಗಿ ಶಾವಿಗೆ ಪ್ಯಾಕೆಟ್ ತರ್ತಾರೆ. ಪ್ಯಾಕೆಟ್ ಹಿಂದೆ ಓದಿ ಅಂದ್ರೆ, ಎಷ್ಟೋ ಕಡೆ ರಾಗಿಗಿಂತ ಮೊದಲು ಗೋಧಿ ಹೆಸರೇ ಬರ್ತೈತೆ.

ಹಿತ್ತಾಳೆ ಬಗ್ಗೆ ಇಷ್ಟು ಹೇಳಿ ಒಂದು ಎಚ್ಚರಿಕೆ ಹೇಳದಿದ್ರೆ ತಪ್ಪಾಗ್ತೈತೆ. ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಈಗ ಲೇತಿನಲ್ಲಿ ಕೊರೆಯೋಕೆ ಸಲೀಸಾಗಲಿ ಅಂತ ಹಿತ್ತಾಳೆ ಸಲಾಕೆಗೆ ಸೀಸ ಬೆರೆಸ್ತಾರೆ, ನೂರಕ್ಕೆ ಎರಡು ಮೂರು ಪಾಲು. ಬಾಗಿಲ ಚಿಲಕಕ್ಕೆ ಅದು ಸರಿ, ಊಟದ ಹಿಟ್ಟು ಉಜ್ಜಿಕೊಂಡು ಬರೋ ಬಿಲ್ಲೆಗೆ ಸರಿ ಅಲ್ಲ. ಹೊಸ ಬಿಲ್ಲೆ ಮಾಡಿಸೋರು ಸೀಸ ಇಲ್ಲದ ಲೋಹ ಕೇಳಿ, ಇಲ್ಲಾ ದಪ್ಪ ಸ್ಟೇನ್‌ಲೆಸ್ ಸ್ಟೀಲಲ್ಲಿ ಕೊರೆಸಿ. ಸ್ಟೀಲು ಗಟ್ಟಿ, ಕೊರೆಯೋನಿಗೆ ಕಷ್ಟ, ಅದಕ್ಕೇ ಅವನು ತೆಳು ತಗಡು ತೋರಿಸ್ತಾನೆ. ನನ್ನ ಜಗಳ ಸ್ಟೀಲಿನ ಜೊತೆ ಅಲ್ಲ, ತಗಡಿನ ಜೊತೆ.

ಈಗ ಸಂಘದ ಕತೆ. ಕೊರಟಗೆರೆ ಕಡೆಯ ಒಂದು ಹಳ್ಳೀಲಿ ನಮ್ಮ ನಾದಿನಿ ಇದಾಳೆ. ಅವರ ಸಂಘದ ಹೆಂಗಸರು ಸೇರಿ ಸಾಲ ತೆಗೆದು ಮೋಟ್ರು ಇರೋ ಶಾವಿಗೆ ಮಿಷನ್ನು ತಂದ್ರು. 2023ನೇ ಇಸವಿ ಅದು, ಲೋಕಕ್ಕೆಲ್ಲ ಸಿರಿಧಾನ್ಯ ವರ್ಷ ಅಂತ ಭಾಷಣದ ಮೇಲೆ ಭಾಷಣ. ರಾಗಿ ಶಾವಿಗೆ ಮಾಡಿ, ಬೆಂಗಳೂರಲ್ಲಿ ಸಕ್ಕರೆ ಕಾಯಿಲೆಯವರು ಮುಗಿಬಿದ್ದು ತಗೋತಾರೆ ಅಂತ ಹುರಿದುಂಬಿಸಿದ್ರು. ಗೋಧಿ ಶಾವಿಗೆ ಹೆಂಗೋ ಬಂತು. ರಾಗೀದು ಹಾಕಿದ್ರೆ ಬೆರಳುದ್ದ ಬೆರಳುದ್ದ ತುಂಡು, ತಟ್ಟೇಲಿ ಒಣಗಿ ಎತ್ತಿದ್ರೆ ರವೆ. ಮಿಷನ್ನು ಮಾರಿದೋನಿಗೆ ಫೋನ್ ಮಾಡಿದ್ರೆ, ಅಮ್ಮ ನಿಮ್ಮ ಹಿಟ್ಟು ಸರಿ ಇಲ್ಲ ಅಂದ. ತರಬೇತಿಗೆ ಬಂದೋರು, ಇನ್ನೊಂದು ತರಬೇತಿ ಆಗಬೇಕು ಅಂದ್ರು. ಗಂಡಸರು ಕಟ್ಟೆ ಮೇಲೆ ಕೂತು ನಕ್ರು. ಅದೆಲ್ಲಕ್ಕಿಂತ ಕೆಟ್ಟದ್ದು, ಸಂಘದೊಳಗೇ ಶುರುವಾಯ್ತು: ಇವಳು ಕಲಸಿದ ದಿನ ಹಿಂಗಾಗ್ತೈತೆ, ಅವಳ ಕೈ ತಾಗಿದ್ರೆ ಹಂಗಾಗ್ತೈತೆ. ಒಬ್ಬಾಕೆ, ಗಂಡ ಇಲ್ಲದೋಳು, ಅವಳನ್ನ ಹಿಟ್ಟು ಮುಟ್ಟಬೇಡ ಅಂದುಬಿಟ್ರು. ಅವಳು ಸಂಘ ಬಿಟ್ಟಳು. ಕಂತು ಮಾತ್ರ ಬಿಡಲಿಲ್ಲ.

ಆಮೇಲೆ ನಾದಿನಿ ಮಗ ತುಮಕೂರಿನ ಒಂದು ಲೇತ್ ಅಂಗಡಿಗೆ ಆ ಬಿಲ್ಲೆ ತಗೊಂಡು ಹೋದ. ಅಲ್ಲಿನ ವಯಸ್ಸಾದ ಮೇಸ್ತ್ರಿ ಭೂತಗನ್ನಡಿ ಹಿಡಿದು ನೋಡಿ ಒಂದೇ ಮಾತು ಹೇಳಿದರಂತೆ: ಇದರಲ್ಲಿ ಯಾರು ಒತ್ತಿದ್ರೂ ಹಿಂಗೇ. ತಗಡು ನಡುವೆ ಉಬ್ಬಿತ್ತು, ಅಂಚಿನ ಸಾಲಿನ ತೂತುಗಳಲ್ಲಿ ಮುಳ್ಳು. ಅವರು ದಪ್ಪ ಬಿಲ್ಲೆ ಕೊರೆದು ಕೊಟ್ರು. ಹಿಟ್ಟು ಒಳಗೆ ಹೋಗೋ ಕಡೆ ತೂತಿನ ಬಾಯಿ ಆಲಿಕೆ ಹಂಗೆ ಅಗಲ, ಹೊರಗೆ ಬರೋ ಕಡೆ ಸಣ್ಣ, ಅಂಚು ನುಣ್ಣಗೆ ತಿಕ್ಕಿದ್ದು. ನಾದಿನಿ ರಾಗಿ ಹಿಟ್ಟನ್ನ ನಮ್ಮ ಒತ್ತು ಶಾವಿಗೆ ಹಂಗೆ ಮೊದಲು ಹಬೇಲಿ ಬೇಯಿಸಿಕೊಂಡ್ಲು, ಯಾಕಂದ್ರೆ ಬೆಂದ ಹಿಟ್ಟಿನ ಗಂಜಿಯೇ ರಾಗಿಗೆ ಅಂಟು. ಎಳೆ ಮೊಳದುದ್ದ ಇಳೀತು. ಹೆಂಗಸರು ಅದೇ, ಕೈ ಅದೇ, ರಾಗಿ ಅದೇ.

ಹಬೇಲಿ ಬೇಯಿಸಿದ್ದಕ್ಕೆ ಬಂತು, ಬಿಲ್ಲೆಯಿಂದ ಅಲ್ಲ ಅಂತ ನಮ್ಮ ವಾರಗಿತ್ತಿ ವಾದ ಮಾಡಿದ್ಲು. ಒಪ್ಪಲ್ಲ. ಅದೇ ಬೆಂದ ಹಿಟ್ಟು ಹಳೇ ತಗಡಿಗೂ ಹಾಕಿ ನೋಡಿದ್ರು, ನಡುವಿಂದು ಬಂತು, ಅಂಚಿಂದು ಮುರೀತು. ಹಿಟ್ಟೂ ಬೇಕು, ಬಿಲ್ಲೇನೂ ಬೇಕು. ಹಿಟ್ಟಿಗೆ ನಾವು ಜವಾಬ್ದಾರಿ ಹೊತ್ತಿದೀವಿ ಅಜ್ಜಿ ಕಾಲದಿಂದ. ಬಿಲ್ಲೆಗೆ ಯಾರು ಹೊರ್ತಾರೆ?

ಇಲ್ಲಿ ನನಗೆ ಸಿಟ್ಟು ಬರೋದು. ನಮ್ಮದೇನು ಲೋಹ ಕೊರೆಯೋಕೆ ಬಾರದ ಜಿಲ್ಲೆನಾ? ತುಮಕೂರಲ್ಲಿ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಇತ್ತು. ಗಡಿಯಾರದ ಚಕ್ರ ಅಂದ್ರೆ ಶಾವಿಗೆ ತೂತಿಗಿಂತ ನಾಜೂಕಿನ ಕೆಲಸ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚು ಕಂಪನಿ ಮುಚ್ಚೋ ತೀರ್ಮಾನ ಮಾಡ್ತು, ತುಮಕೂರಿನ ಜಾಗ ಇಸ್ರೋಗೆ ಹೋಯ್ತು. ಆ ಕಾರ್ಖಾನೇಲಿ ಪಳಗಿದ ಕೈಗಳು ಎಲ್ಲಿಗೆ ಹೋದವು? ಇತ್ತ ವಸಂತನರಸಾಪುರದಲ್ಲಿ 2014ರ ಸೆಪ್ಟೆಂಬರಿನಲ್ಲಿ ಪ್ರಧಾನಿಯವರೇ ಬಂದು ಫುಡ್ ಪಾರ್ಕು ಉದ್ಘಾಟನೆ ಮಾಡಿದ್ರು. ಅದೇ ವಸಂತನರಸಾಪುರದಲ್ಲಿ ಮಿಷನ್ ಟೂಲ್ ಪಾರ್ಕೂ ಐತೆ. ಒಂದು ಬೇಲಿಯ ಈ ಕಡೆ ಊಟದ ಕಾರ್ಖಾನೆ, ಆ ಕಡೆ ಲೋಹದ ಕೆಲಸದ ಕಾರ್ಖಾನೆ ಅಂದಹಂಗೆ ಆಯ್ತು. ನಡುವೆ ಕೂತಿರೋ ನಮ್ಮ ಕೊರಟಗೆರೆ ಹೆಂಗಸರಿಗೆ ಸರಿಯಾದ ಒಂದು ಬಿಲ್ಲೆ ಸಿಗೋದಕ್ಕೆ ಭೂತಗನ್ನಡಿ ಹಿಡಿಯೋ ಒಬ್ಬ ಮುದುಕಪ್ಪ ಬೇಕಾಯ್ತು.

ಹೆಣ್ಣುಮಕ್ಕಳಿಗೂ ಒಂದು ಮಾತು, ಅಲ್ಲ, ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೆ. ಬೆಂಗಳೂರು ರಾಜಾಜಿನಗರದಲ್ಲಿ ಜಿಟಿಟಿಸಿ ಅಂತ ಸರ್ಕಾರಿ ಸಂಸ್ಥೆ ಐತೆ, ಡೆನ್ಮಾರ್ಕ್ ದೇಶದ ಸಹಾಯದಲ್ಲಿ 1972ರಲ್ಲಿ ಶುರುವಾಗಿದ್ದು. ಈಗ ರಾಜ್ಯದಲ್ಲಿ ಬೇರೆ ಊರುಗಳಲ್ಲೂ ಅದರ ಕೇಂದ್ರಗಳಿವೆ. ಟೂಲ್ ಅಂಡ್ ಡೈ ಮೇಕಿಂಗ್ ಅಂತ ಡಿಪ್ಲೊಮಾ, ಎಸ್ಸೆಸ್ಸೆಲ್ಸಿ ಆದ ಮೇಲೆ ಸೇರಬಹುದು. ಡೈ ಅಂದ್ರೆ ಅಚ್ಚು, ಇಡೀ ಓದೇ ಅಚ್ಚು ಮಾಡೋ ವಿದ್ಯೆ. ಹುಡುಗಿಗೆ ಅದ್ಯಾಕೆ, ಕೈ ಕಪ್ಪಾಗ್ತೈತೆ ಅಂತಾರೆ. ರೊಟ್ಟಿ ತಟ್ಟಿ ಕೈ ಸುಟ್ಟುಕೊಂಡ್ರೆ ಪರವಾಗಿಲ್ವಂತೆ! ರಂಗೋಲಿಯ ಚುಕ್ಕಿ ಒಂದು ನೂಲು ಸರಿದ್ರೆ ದೂರದಿಂದ ಕಂಡುಹಿಡಿಯೋ ಕಣ್ಣು ನಮ್ಮ ಹುಡುಗೀರದು. ಎಳೆ ಬೇಯೋವಾಗ ಏನಾಗ್ತೈತೆ ಅಂತ ಗೊತ್ತಿರೋಳು ತೂತು ಕೊರೆದ್ರೆ ಆ ಬಿಲ್ಲೆ ಬೇರೆ ಥರಾನೇ ಇರ್ತೈತೆ.

ಬಿಲ್ಲೆ ಒಳ್ಳೇದಿದ್ರೂ ಹಾಳು ಮಾಡೋರು ನಮ್ಮಲ್ಲೂ ಇದಾರೆ, ಅದನ್ನೂ ಹೇಳ್ಬೇಕು. ಕೆಲಸ ಮುಗಿದ ತಕ್ಷಣ ಬಿಚ್ಚಿ ನೀರಲ್ಲಿ ಮುಳುಗಿಸಿ. ಹಿಟ್ಟು ತೂತಲ್ಲೇ ಒಣಗಿದ್ರೆ ಸಿಮೆಂಟು. ದೊಡ್ಡ ಕಾರ್ಖಾನೇಲೂ ಡೈ ಬಿಚ್ಚಿದ ಮೇಲೆ ನೆನೆಹಾಕಿ, ಜೋರು ನೀರು ಹಾಯಿಸಿ ತೊಳೀತಾರೆ. ಪಿನ್ನು, ಸೂಜಿ, ಮೊಳೆ ಹಾಕಿ ಚುಚ್ಚಬೇಡಿ. ಒಂದೊಂದು ಚುಚ್ಚಿಗೂ ತೂತು ಅಗಲ ಆಗ್ತಾ ಹೋಗ್ತೈತೆ, ಆಮೇಲೆ ನಾನು ಮೊದಲೇ ಹೇಳಿದ ದಪ್ಪ ಎಳೆ ಸಣ್ಣ ಎಳೆ ಕತೆ. ತೆಂಗಿನ ಗರಿ ಕಡ್ಡಿ ಸಾಕು. ಒರೆಸಿ, ಒಂದು ಹನಿ ಎಣ್ಣೆ ಸವರಿ, ಬಟ್ಟೇಲಿ ಸುತ್ತಿಡಿ. ಡಬ್ಬಿ ತಳಕ್ಕೆ ಸೌಟು ಚಮಚದ ಜೊತೆ ಎಸೆದು, ಮುಂದಿನ ವರ್ಷ ತೆಗೆದು ಬೈಕೋಬೇಡಿ.

ಕೊನೇದಾಗಿ ದುಡ್ಡಿನ ವಿಚಾರ, ಇದು ಸಂಘದವರಿಗೆ. 2020ರಲ್ಲಿ ಬಂದ ಕೇಂದ್ರದ ಸಣ್ಣ ಆಹಾರ ಉದ್ದಿಮೆ ಯೋಜನೇಲಿ, ಪಿಎಂಎಫ್‌ಎಂಇ ಅಂತಾರೆ, ಮಿಷನ್ನಿನ ಸಾಲಕ್ಕೆ ನೂರಕ್ಕೆ ಮೂವತ್ತೈದು ಪಾಲು ಸಹಾಯಧನ, ಹತ್ತು ಲಕ್ಷದವರೆಗೆ. ನಮ್ಮ ರಾಜ್ಯ ಅದರ ಮೇಲೆ ಹದಿನೈದು ಸೇರಿಸ್ತು. ಅದು ಎಲ್ಲರಿಗೂ ಗೊತ್ತು, ಪೋಸ್ಟರಲ್ಲಿ ದೊಡ್ಡಕ್ಷರದಲ್ಲಿ ಹಾಕಿದ್ರು. ಸಣ್ಣಕ್ಷರದಲ್ಲಿ ಇರೋದು ಇನ್ನೊಂದು: ಸಂಘದ ಒಬ್ಬೊಬ್ಬ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನ, ದಿನದ ಬಂಡವಾಳಕ್ಕೂ ಸಣ್ಣ ಸಲಕರಣೆ ಕೊಳ್ಳೋದಕ್ಕೂ. ಬಿಲ್ಲೆಗಿಂತ ಸಣ್ಣ ಸಲಕರಣೆ ಯಾವುದಿದೆ? ಅರ್ಜಿ ಬರೆದುಕೊಡೋರು ಮೋಟ್ರು, ಮೇಜು, ಪ್ಯಾಕಿಂಗ್, ಬೋರ್ಡು ಎಲ್ಲ ಬರೀತಾರೆ, ಬಿಲ್ಲೆ ಅಂತ ಒಂದು ಸಾಲು ಬರೆಯಲ್ಲ. ಮಿಷನ್ ಜೊತೆ ಬರ್ತೈತಲ್ಲ ಅಂತಾರೆ. ಬರ್ತೈತೆ, ಆ ತಗಡು.

ಮಧುಗಿರಿಯ ನಮ್ಮ ಬೀದಿ ಸಂಘದವರು ಮುಂದಿನ ವಾರ ಮಿಷನ್ನಿಗೆ ಕೊಟೇಶನ್ ತರಿಸ್ತಾವ್ರೆ. ನಾನು ಹೋಗಿ ಹೇಳಿ ಬಂದಿದೀನಿ, ನೀವೂ ನಿಮ್ಮಲ್ಲಿ ಹೇಳಿ. ಬಿಲ್ಲೆ ಎರಡು ಇರಬೇಕು, ಒಂದು ಓಡ್ತಾ ಇದ್ರೆ ಇನ್ನೊಂದು ನೆನೀತಾ ಇರಲಿ. ಯಾವ ಲೋಹ, ಎಷ್ಟು ದಪ್ಪ, ತೂತು ಎಷ್ಟು ಮಿಲಿಮೀಟರ್, ಸವೆದ್ರೆ ಬದಲಿ ಎಷ್ಟಕ್ಕೆ ಕೊಡ್ತಾರೆ, ಇಷ್ಟೂ ಕಾಗದದ ಮೇಲೆ ಬರೆದಿರಬೇಕು. ಮಿಷನ್ನು ಇಳಿಸೋ ದಿನ ಗೋಧಿ ಹಿಟ್ಟು ಹಾಕಿ ತೋರಿಸಿದ್ರೆ ಒಪ್ಪಬೇಡಿ, ಬೇಯಿಸಿದ ರಾಗಿ ಹಿಟ್ಟು ನೀವೇ ರೆಡಿ ಇಟ್ಕೊಂಡಿದ್ದು, ಅವನ ಕೈಯಲ್ಲೇ ಹಾಕಿಸಿ. ಅವನ ಕೈಗುಣ ಹೆಂಗೈತೆ ನೋಡಾಣ.